ಸೊಂಟಕ್ಕ ಕಟ್ಟಿದ ಮೈಕ್ ಡಬ್ಬಿ

ಬ್ಯಾಟರಿ ಹೋಗಿತ್ತು ಅಂತ ಹೇಳಿದೆನಲ್ಲ ಕನಕಮ್ಮ! ಎಷ್ಟು ಸಲ ಕೇಳ್ತಿ? ಬ್ಯಾಟರಿ ಹೋದ್ರ ಡಬ್ಬಿ ಸತ್ತಂಗ. ನೀ ಒಳಗ ಏನಂದ್ರೂ ಹೊರಗ ಕುಂತ ನನಗ ಕೇಳಂಗಿಲ್ಲ... ಕುಂದ್ರು ತಂಗಿ. ಆ ಲೌಡ್‌ಸ್ಪೀಕರ್ ಹಾರ್ನ್ ಮ್ಯಾಲ ಬ್ಯಾಡ, ಸ್ಟೂಲ್ ಮ್ಯಾಲ.

ಥೂ! ಆ ಡಬ್ಬಿ ನೋಡು, ಮೂಲ್ಯಾಗ ಒಗದೀನಿ. ನಿನ್ನೆ ದೇವದುರ್ಗದಾಗ ನಿನ್ನ ಹಾಡಿನ ಕಾರ್ಯಕ್ರಮ ಮುಗಿಸಿ ಬಂದಾಗಿಂದ ಮುಟ್ಟಿಲ್ಲ ಅದನ್ನ. ಹೈದರಾಬಾದಿಗೆ ಹೋಗಿ ತಂದಿದ್ದೆ. ಮಾನ್ವಿಯೊಳಗ ವೈರಿಲ್ಲದ ಮೈಕು ಅಂದ್ರ ಈ ದಸ್ತಗೀರನ ಅಂಗಡ್ಯಾಗ ಒಂದೇ! ನೀನೂ ಖುಷಿಪಟ್ಟಿ. "ಅಣ್ಣಾ, ಇನ್ನ ಮೈಕಿನ ಕೋಲಿಗೆ ಕಟ್ಟಿ ಹಾಕಿದಂಗ ನಿಂದ್ರೋದು ತಪ್ಪಿತು" ಅಂದಿ. ಹೊರಡೋ ಮುಂದ ನನ್ನ ಹೇಣ್ತಿ ಇಮಾಮ್ ಬೀನೇ ಕಟ್ಟಿಕೊಟ್ಟಳು. ಸೊಂಟಕ್ಕ ಡಬ್ಬಿ, ಸೆರಗಿನ ಒಳಗ ವೈರು, ಎದಿ ಹತ್ರ ಕಡ್ಲಿಕಾಳಿನಷ್ಟು ಮೈಕು...

ಯಾಕ ಮುಖ ತಿರುವಿದಿ?

ಉರುಕುಂದಪ್ಪನ ಹೆಸರು ತಗೀಬ್ಯಾಡ. ಬಾಯಿ ಹೊಲಸಾಗ್ತದ. ಸಂಘದ ಅಧ್ಯಕ್ಷ ಅಂತ, ಅಧ್ಯಕ್ಷ! ಸ್ಟೇಜ್ ಮ್ಯಾಲ "ನಮ್ಮ ಅಕ್ಕತಂಗ್ಯಾರು, ನಮ್ಮ ಅಕ್ಕತಂಗ್ಯಾರು" ಅಂತ ಭಾಷಣ ಬ್ಯಾರೆ. ಗದ್ದಕ್ಕೆಲ್ಲ ಎಲಿಅಡಕಿ ರಸ. ನೀ ಮೊದಲನೇ ಹಾಡು ಮುಗಿಸಿ, ಡಬ್ಬಿ ಜಾರಾಕತ್ತದ ಅಂತ ಹಿಂದಿನ ಖೋಲಿಗಿ ಹ್ವಾದಿ. ಅಂವ ಎದ್ದ. "ವೈರು ನೋಡಿ ಬರ್ತೀನಿ" ಅಂದ. ಅಂವ ಯಾಕ ನೋಡಬೇಕು ವೈರು? ಮೈಕಿನಂವ ನಾನಿದ್ದೀನಲ್ಲ!

...ಹಂಗ ನೋಡಬ್ಯಾಡ. ಮಷೀನ್ ಬಿಟ್ಟು ಎದ್ದು ಹ್ಯಾಂಗ ಬರ್ಲಿ?

ಪೊಲೀಸ್ ಸ್ಟೇಷನ್ನಿಗಿ ಬಂದು ನಾ ಏನಂತ ಸಾಕ್ಷಿ ಹೇಳ್ಲಿ? "ಕಣ್ಣಿಲೆ ನೋಡಿಯೇನು?" ಅಂತಾರ. ಇಲ್ಲ. "ಕಿವಿಲೆ ಕೇಳಿಯೇನು?" ಇಲ್ಲ. ಮತ್ತ ಯಾಕ ಬಂದಿ ಅಂತ ಹೊರಗ ಹಾಕ್ತಾರ. ಅದರಿಂದ ನಿನಗೇನು ಬಂತು?

ನನಗೂ ಹೇಸಿಕಿ ಆಗ್ಯದ ತಂಗಿ. ಖುದಾನಾಣಿ! ನಿನ್ನೆಯಿಂದ ತುತ್ತು ಇಳಿದಿಲ್ಲ. ಎಂಥ ಮನಷಾ ಅಂವ! ಹೆಣ್ಣಮಗಳು "ಕೈ ಬಿಡ್ರೀ ಸಾಹುಕಾರ, ನಿಮ್ಮ ಮಗಳಿಗಿಂತ ಸಣ್ಣಾಕಿ ಅದೀನಿ" ಅಂತ ಬೇಡ್ಕೊಂಡ್ರೂ ಬಿಡವಲ್ಲ. "ದಸ್ತಗೀರಣ್ಣಾ, ಓಡಿ ಬಾ" ಅಂತ ಎರಡೆರಡು ಸಲ ಕೂಗಿದ ಮ್ಯಾಲೂ...

ಏನು?

ಇದು ನಿನಗ ಹ್ಯಾಂಗ ಗೊತ್ತು ಅಂತಿಯೇನು?

ಅಲ್ಲ... ನೀನೇ ಹೇಳಿದಿಯಲ್ಲ, ಈಗ, ಬಂದ ಕೂಡ್ಲೆ... ಹೇಳಲಿಲ್ಲ? ಹಂಗಾದ್ರ ಯಾರೋ ಜನ ಮಾತಾಡಾಕತ್ತಿದ್ರು... ಯಾರ ಮುಂದೂ ಹೇಳಿಲ್ಲ? ನಿಮ್ಮ ಅವ್ವನ ಮುಂದೂ?

ಬೈಯಬೇಕಾದ್ರ ಬೈಯಿ ಕನಕಮ್ಮ. ಚಪ್ಪಲಿ ತಗೊಂಡು ಹೊಡಿ.

ಬ್ಯಾಟರಿ ಹೋಗಿದ್ದಿಲ್ಲ.

ಹೆಡ್‌ಫೋನು ಕಿವಿಗೇ ಇತ್ತು. ನಿನ್ನ ಕೈಯಾಗಿನ ಬಳಿ ಒಡೆದದ್ದು ಸುದ್ದಾ ಕೇಳಿಸ್ತು. "ಕೈ ಬಿ..." ಅನ್ನೋತನ ಹಾರ್ನಿನಾಗೂ ಬಂದಿತ್ತು. ಮುಂದ ಕುಂತ ಹೆಣ್ಣಮಕ್ಕಳು ತಲಿ ಎತ್ತಿದ್ರು. ಇನ್ನೊಂದು ಮಾತು ಹೊರಗ ಬಂದಿದ್ರ ಬಾಗ್ಲಾ ಮುರಿದು ಒಳಗ ನುಗ್ತಿದ್ರು. ನಾನು... ಅಂವನ ಸಂಘದ ಕಾರ್ಯಕ್ರಮ ಎಲ್ಲಾ ನಂದೇ ಮೈಕು. ಅಂವ ಒಂದ ಮಾತು ಅಂದ್ರ ದೇವದುರ್ಗದಾಗ ನನ್ನ ಯಾರೂ ಕರೆಯಂಗಿಲ್ಲ. ಈ ಬೆರಳು ನೋಡು, ಈ ಬೆರಳಿಲೆ ದನಿಯ ಗುಂಡಿ ತಿರುವಿದೆ. ಹಾರ್ನಿಗಿ ಹೋಗೋ ನಿನ್ನ ದನಿ ಪೂರಾ ಬಂದ್ ಮಾಡಿದೆ, ನನ್ನ ಕಿವ್ಯಾಗಷ್ಟೇ ಉಳೀತು. ಅಂವನ ಮುಂಗೈ ಕಚ್ಚಿ ನೀನೇ ಬಿಡಿಸ್ಕೊಂಡು ಬಂದಿ. ಮುಖ ಒರೆಸ್ಕೊಂಡು ಎರಡನೇ ಹಾಡೂ ಹಾಡಿದಿ. ನಾ ಮತ್ತ ಗುಂಡಿ ಏರಿಸಿದೆ.

ನಡಿ, ಈಗ ಸ್ಟೇಷನ್ನಿಗಿ ಹೋಗೂಣು. ಎಲ್ಲಾ ಹೇಳ್ತೀನಿ. ನನ್ನ ಹೆಸರೂ ಬರ್ಕೊಳ್ಳಲಿ. ಏಳು... ಯಾಕ ಏಳವಲ್ಲಿ? ಇನ್ನೇನು ಉಳೀತು?

...ಹೂಂ. ನೀ ಒಳಗ ಕೂಗೋ ಮುಂದ ಹಾರ್ನಿನಾಗ ಹತ್ತಿದ ಶಹನಾಯಿ.

ಅದು ತಾನಾಗೇ ಹತ್ತಲಿಲ್ಲ ತಂಗಿ. ನಿನ್ನ ದನಿ ಗ್ವಾಡಿ ದಾಟಿ ಹೊರಗ ಬರಬಾರದು ಅಂತ ಆ ಕ್ಯಾಸೆಟ್ ನಾನೇ ಹಾಕಿದೆ.