ಅಮ್ಮನ ಮುಖ

ಆಸ್ಪತ್ರೆಯಲ್ಲಿ ತೂಕ ನೋಡುವ ಸಾಲಿನಲ್ಲಿ ನನ್ನ ಮುಂದೆ ಯಾರೋ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು. ತೂಕ ಇಳಿಸಲು ಅಕ್ಕನ ಹೊಟ್ಟೆಗೆ ಆಪರೇಷನ್ ಆಗಿ ಆರು ತಿಂಗಳಾಗಿತ್ತಂತೆ.

“ವಾಕಿಂಗ್ ಯಾಕೆ ನಿಲ್ಲಿಸಿದೆ ಅಕ್ಕ?”

“ಇನ್ನೂ ಇಳಿದ್ರೆ ಥೇಟ್ ಅಮ್ಮನೇ ಆಗ್ಬಿಡ್ತೀನಿ ಕಣೋ.”

“ಆದ್ರೆ ಏನಂತೆ?”

“ಅಪ್ಪಂಗೆ ಮರೆವು ಅಲ್ವಾ? ನನ್ನನ್ನ ಅಮ್ಮ ಅಂದ್ಕೊಂಡು ಕೈ ಮುಗೀತಾರೆ. ‘ಆವತ್ತು ನೀನು ನರಳ್ತಿದ್ರೂ ಬೇಕಂತಲೇ ಡಾಕ್ಟರನ್ನ ಕರೀಲಿಲ್ಲ, ಕ್ಷಮಿಸು’ ಅಂತಾರೆ.”

ತಮ್ಮ ಅವಳ ಕಡೆ ತಿರುಗಿದ.

“ಬೇಕಂತಲೇ ಅಂದ್ರಾ?”

“ಹೂಂ.”

“ನೀನೇನಂದೆ?”

“ಕ್ಷಮಿಸಿದೀನಿ ಅಂದ್ಬಿಟ್ಟೆ. ಸತ್ತುಹೋದ ಅಮ್ಮನ ಪರವಾಗಿ ಹೇಳೋಕೆ ನಾನ್ಯಾರೋ? ಹಾಗಂದಾಗಿಂದ ಎರಡು ಚಮಚ ಸೂಪೂ ಗಂಟಲಲ್ಲಿ ಇಳೀತಿಲ್ಲ.”

ಅಕ್ಕ ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತಳು.

“ಭೇಷ್! ಮತ್ತೆ ಮೂರು ಕೆಜಿ ಇಳಿದಿದೀರಿ,” ಎಂದಳು ನರ್ಸ್.

ತಮ್ಮ ಅಕ್ಕನ ಮುಖ ನೋಡಲಾರದೆ ಮುಂದೆ ನಡೆದ. ಅವಳು ಹಿಂದೆಯೇ ಹೋದಳು.