ನೀಲಿ ಹೆಬ್ಬೆಟ್ಟು

ಸಂಜೆಯಿಂದ ಸುರಿಯುತ್ತಿದ್ದ ಮಳೆಗೆ ಕರೆಂಟು ಹೋಗಿತ್ತು. ನಾಳೆ ಶುರುವಾಗುವ ಪ್ರದರ್ಶನದಲ್ಲಿ ಚಿತ್ರಗಳ ಪಕ್ಕ ಅಂಟಿಸಬೇಕಾದ ಹೆಸರಿನ ಚೀಟಿಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ನಾನು ಮ್ಯೂಸಿಯಂನಿಂದ ಆಗಷ್ಟೇ ಬಂದಿದ್ದೆ. ಅಜ್ಜಿ, ಅಮ್ಮ, ತಮ್ಮ, ನಾನು ಮೇಣದಬತ್ತಿಯ ಸುತ್ತ ಕುಳಿತೆವು. ಯಾವ ಯಾವ ಚಿತ್ರ ಎಂದು ಅಜ್ಜಿ ಕೇಳಿದಳು. ದೋಣಿಗಾಗಿ ಕಾಯುವ ಹೆಂಗಸಿನ ಆ ಹೆಸರಾಂತ ಚಿತ್ರವೂ ಇದೆ ಎಂದೆ. ಕಲಾ ಇತಿಹಾಸ ವಿಭಾಗದಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದ ಅಜ್ಜಿ ಕನ್ನಡಕ ತೆಗೆದಿಟ್ಟಳು.

"ಹತ್ತಿರ ಬನ್ನಿ. ನಡುವೆ ಬಾಯಿ ಹಾಕಿದ್ರೆ ನಿಲ್ಲಿಸಿಬಿಡ್ತೀನಿ.

ನಮ್ಮ ಪ್ರೊಫೆಸರಮ್ಮ ಇದ್ರಲ್ಲ, ಹಗಲೆಲ್ಲ ಭೂತಗನ್ನಡಿ ಹಿಡ್ಕೊಂಡು ಹಳೇ ಚಿತ್ರ ಯಾರು ಬರೆದದ್ದು ಅಂತ ಹುಡುಕೋರು, ಸಂಜೆಯಾದ್ರೆ ಪತ್ತೇದಾರಿ ಕಾದಂಬರಿ ಬರೆಯೋರು, ಎರಡನ್ನೂ ಟೈಪ್ ಮಾಡ್ತಿದ್ದೋಳು ನಾನೇ... ಆ ದೋಣಿ ಚಿತ್ರ ದೊಡ್ಡ ಕಲಾವಿದನದ್ದು ಅಂತ ದಪ್ಪ ಪುಸ್ತಕ ಬರೆದೇ ಅವರು ಹೆಸರು ಮಾಡಿದ್ದು. ಆದರೆ ಚಿತ್ರದ ಮೂಲೇಲಿ ಒಂದು ನೀಲಿ ಹೆಬ್ಬೆಟ್ಟಿನ ಗುರುತಿತ್ತು. ಆ ಕಲಾವಿದನಿಗೊಬ್ಬ ಶಿಷ್ಯ, ಹೆಸರು ಗಳಿಸದೇ ಸತ್ತೋನು. ಅವನ ಸಹಿ ಇರೋ ಇನ್ನೊಂದು ಚಿತ್ರದಲ್ಲೂ ಅದೇ ಹೆಬ್ಬೆಟ್ಟು ಸಿಕ್ತು. ಪ್ರೊಫೆಸರಮ್ಮ ಬಾಯಿ ಬಿಟ್ಟರಾ? ಎಲ್ಲಿ ಬಂತು... ಆ ಹೆಬ್ಬೆಟ್ಟನ್ನ ಕಾದಂಬರಿಗೆ ಹಾಕ್ಕೊಂಡು, ಆ ಪಾಪದೋನನ್ನೇ ಅವನ ಹೆಸರಲ್ಲೇ ಕೊಲೆಗಾರ ಮಾಡಿದ್ರು.

ಕೊನೇ ಅಧ್ಯಾಯ ಟೈಪ್ ಮಾಡಿಟ್ಟೆ. ಬೆಳಗ್ಗೆ ನೋಡಿದ್ರೆ ಕೊಲೆಗಾರನ ಹೆಸರಿನ ಮೇಲೆ ನೀಲಿ ಹೆಬ್ಬೆಟ್ಟು. ಕಾರ್ಬನ್ ಮುಟ್ಟಿದ ಕೈಯಲ್ಲಿ ಹಾಳೆ ಹಿಡಿದಿದ್ದೀಯ ಅಂತ ನನ್ನನ್ನೇ ಬೈದ್ರು. ಕಾರ್ಬನ್ ಮಸಿ ಹಾಗೆ ಹಸಿಹಸಿ ಇರುತ್ತಾ? ಮತ್ತೆ ಟೈಪ್ ಮಾಡಿ ಬೀರುವಲ್ಲಿಟ್ಟು ಬೀಗ ಹಾಕಿದೆ... ಮತ್ತೆ ಅದೇ. ಹಾಡಹಗಲೇ, ನಾವಿಬ್ಬರೇ ಇದ್ದಾಗ, ಕಿಟಕಿಯಿಂದ ಬೀರುವಿಗೆ, ಬೀರುವಿಂದ ಕಿಟಕಿಗೆ ಯಾರೋ ಬರಿಗಾಲಲ್ಲಿ ಓಡಾಡೋ ಸದ್ದು. ಒಂದು ಗಳಿಗೆ ಕೂರೋದಿಲ್ಲ. ಹೆದರಿ ಕಾದಂಬರಿಯನ್ನೇ ಹರಿದುಹಾಕಿದ್ರು. ನಿಂತಿತಾ? ದಪ್ಪ ಪುಸ್ತಕದಲ್ಲಿ ಗುರುವಿನ ಹೆಸರು ಬಂದ ಕಡೆಯೆಲ್ಲ ಹೆಬ್ಬೆಟ್ಟು ಬೀಳೋಕೆ ಶುರುವಾಯ್ತು.

ಸೋತು ಸುಣ್ಣವಾಗಿ, ಜ್ವರ ಹಿಡಿದು ಮಲಗಿದ್ದೋರು ಮ್ಯೂಸಿಯಂಗೆ ಒಂದು ಕಾಗದ ಬರೆದ್ರು, ಚಿತ್ರ ಶಿಷ್ಯನದ್ದು, ತಪ್ಪು ನನ್ನದು ಅಂತ. 'ಇವತ್ತೇ ಅಂಚೆಗೆ ಹಾಕಮ್ಮ, ನಂಗೆ ನಿದ್ದೆ ಬೇಕು' ಅಂದ್ರು. ಮೂರನೇ ದಿನ ಹೋಗಿಬಿಟ್ರು."

ಅಜ್ಜಿ ಕೆಳಗೆ ಸುರಿದ ಮೇಣವನ್ನು ಉಗುರಿನಿಂದ ಕೆರೆದಳು.

"ನಾನು ಹಾಕಲಿಲ್ಲ ಕಣೇ. ಅವರ ಹೆಸರು ಕೆಟ್ಟರೆ ವಿಭಾಗ ಮುಚ್ಚುತ್ತೆ, ನಿಮ್ಮಮ್ಮ ಆಗ ಕೈಕೂಸು, ಕೆಲಸ ಹೋದ್ರೆ ಏನು ಗತಿ ಅಂತ... ಇವತ್ತಿಗೂ ನಾಚಿಕೆಯಾಗುತ್ತೆ. ಕಾಗದ ನನ್ನ ಪೆಟ್ಟಿಗೇಲೇ ಇದೆ, ಬೆಳಗ್ಗೆ ತಗೊಂಡು ಹೋಗು. ಅದನ್ನ ಮುಚ್ಚಿಟ್ಟ ಮೇಲೆ ನನ್ನ ಕೋಣೇಲಿ ಮೊದಲು ಬರಿಗಾಲ ಸದ್ದೊಂದೇ ಇತ್ತು. ಆಮೇಲೆ ಅದರ ಹಿಂದೆಯೇ ಪ್ರೊಫೆಸರಮ್ಮನ ಚಪ್ಪಲಿ ಸದ್ದೂ ಸೇರ್ಕೊಂತು... ಇವತ್ತು ನೀನು ಬಂದಾಗಿಂದ ಮಾತ್ರ ಎರಡೂ ಇಲ್ಲ. ಎಲ್ಲಿ ಹೋದ್ರು ಅಂತೀಯಾ? ಆ ದೋಣಿ ಚಿತ್ರದ ಚೀಟೀಲಿ ಗುರುವಿನ ಹೆಸರೇ ತಾನೇ ಹಾಕಿರೋದು? ಬ್ಯಾಗಿಂದ ತೆಗೆದು ನೋಡು... ನಿಧಾನ, ಬೆರಳಿಗೆ ಬಣ್ಣ ಅಂಟೀತು."