ನಗುಮುಖದ ಪಾರ್ಕು

ಪಾರ್ಕಿನ ದೊಡ್ಡ ತಿರುಗುಚಕ್ರ ಹತ್ತುವ ಸಾಲಿನಲ್ಲಿ ನನ್ನ ಮುಂದೆ ಯಾರೋ ಅತ್ತಿಗೆ, ನಾದಿನಿ. ಜೊತೆಗೆ ಅತ್ತಿಗೆಯ ಪುಟ್ಟ ಮಗಳು.

"ಈ ಪಾರ್ಕು, ಹೋದ್ಸಲದ ಪಾರ್ಕು ಎರಡೂ ಒಂದೇ ಕಂಪನೀದಂತೆ ಅತ್ತಿಗೆ. ಒಂದೇ ತಾಯಿ ಮಕ್ಕಳು ಅನ್ಸುತ್ತಾ? ಅಲ್ಲಿ ಕಸ ಗುಡಿಸೋರೂ ನಗ್ತಾ ಮಾತಾಡಿಸ್ತಿದ್ರು. ಇಲ್ಲಿ ಎಲ್ಲರದ್ದೂ ಗಂಟುಮುಖ."

"ಹೌದು, ಅಲ್ಲಿ ಎಲ್ಲರೂ ನಗ್ತಿದ್ರು."

"ಮತ್ತೆ ಅಲ್ಲಿಗೇ ಹೋಗಬಹುದಿತ್ತಲ್ಲ?"

"ಅವತ್ತು ಇವಳು ತಪ್ಪಿಸಿಕೊಂಡಿದ್ಲಲ್ಲ. ಮಗು ಕಾಣಿಸ್ತಿಲ್ಲ ಅಂತ ಅಳ್ತಾ ಹೋಗಿ ಹೇಳ್ದೆ. ಆಗ್ಲೂ ನಗ್ತಾನೇ ಇದ್ರು ಕಣೇ."

"ಅಯ್ಯೋ!"

"ಅವರನ್ನ ಬೈದು ಏನ್ ಬಂತು? ಹಾಗೇ ಕಲಿಸಿರ್ತಾರೆ."

ಸಾಲು ಸರಿಯಿತು. ಗೇಟಿನವನು ಗದರಿದ: "ಏನ್ರಮ್ಮಾ, ಮಗು ಕೈ ಬಿಟ್ಟಿದ್ದೀರಲ್ಲ! ಹಿಡ್ಕೊಳ್ರೀ!"

ಅತ್ತಿಗೆ ಅವನತ್ತ ನೋಡಿ ನಕ್ಕಳು. ಅವನು ನಗಲಿಲ್ಲ. ಮಗುವಿನ ಒಂದೊಂದು ಕೈ ಹಿಡಿದು ಇಬ್ಬರೂ ಒಳಗೆ ಹೋದರು.